ತಡೆ ಮತ್ತು ತಾಳಿಕೆ

ಕನ್ನಡ ಎಂ.ಎ. ಮಾಡಿ ಕಾಲೇಜಿನಲ್ಲಿ ಹಳಗನ್ನಡ ವ್ಯಾಕರಣ ಹೇಳುವವನಿಗೆ ಮೋಟಾರು ಗಾಡಿಯ ಬ್ರೇಕಿನ ಗೊಡವೆ ಏಕೆ ಎಂದು ವಾಚಕರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಹೋದ ವರ್ಷದವರೆಗೆ ನಾನೂ ಹಾಗೆಯೇ ಎಣಿಸಿದ್ದೆ. ನನಗಿರುವುದು ಒಂದು ಹಳೆಯ ಸ್ಕೂಟರು. ಅದನ್ನು ನಿಲ್ಲಿಸುವ ಕಾರ್ಯದಲ್ಲಿ ಅದರ ಬ್ರೇಕಿಗಿಂತ ನನ್ನ ಚಪ್ಪಲಿಗಳೇ ಹೆಚ್ಚು ಸವೆದಿವೆ. ಗಾಡಿ ಓಡದಿದ್ದರೆ ಚಿಂತಿಸಬೇಕು, ನಿಲ್ಲುವುದರಲ್ಲಿ ಚಿಂತಿಸುವಂಥದೇನಿದೆ ಎಂಬುದು ನನ್ನ ತಿಳಿವಳಿಕೆಯಾಗಿತ್ತು. ಓಡುವುದು ವಿದ್ಯೆ, ನಿಲ್ಲುವುದು ವಿಶ್ರಾಂತಿ ಎಂದುಕೊಂಡಿದ್ದ ನನಗೆ, ನಿಲ್ಲುವುದೇ ದೊಡ್ಡ ವಿದ್ಯೆಯೆಂದು ತೋರಿಸಿಕೊಟ್ಟವನು ನನ್ನ ಸೋದರಳಿಯ. ಪಾಠಕ್ಕೆ ಬಳಸಿದ ಸಾಮಗ್ರಿ ಎರಡು ಕಬ್ಬಿಣದ ತಟ್ಟೆಗಳು.

ನನ್ನ ಅಕ್ಕನ ಮನೆ ಇರುವುದು ಸಿರುಗುಪ್ಪದಲ್ಲಿ. ತುಂಗಭದ್ರೆಯ ಕೃಪೆಯಿಂದ ಕಣ್ಣು ಹಾಯುವವರೆಗೂ ಭತ್ತದ ಹಸಿರು ಕಾಣುವ ಸೀಮೆ ಅದು. ಮನೆಯವರದೊಂದು ಸಣ್ಣ ಅಕ್ಕಿ ಗಿರಣಿ ಇದೆ. ಅದನ್ನು ನೋಡಿಕೊಳ್ಳುವವನು ಇಪ್ಪತ್ತಾರರ ಅಳಿಯ. ದುಡಿಮೆಯಲ್ಲಿ ಕಸುವುಳ್ಳವನು, ದುಶ್ಚಟಗಳಿಲ್ಲದವನು. ಇದ್ದ ಒಂದೇ ಹುಚ್ಚು ಮೋಟಾರಿನದು. ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಯಾರೋ ಬಳಸಿ ಬಿಟ್ಟ ಒಂದು ಜರ್ಮನ್ ಕಾರನ್ನು ಕೊಂಡು ತಂದ. ನೋಡುವುದಕ್ಕೆ ಸಭ್ಯ ಗೃಹಸ್ಥನಂತಿದ್ದ ಆ ಗಾಡಿಯ ಒಡಲಲ್ಲಿ ಮಾತ್ರ ನಾನೂರಕ್ಕೂ ಮಿಕ್ಕಿದ ಕುದುರೆಗಳ ಬಲ. ತಂದ ದಿನವೇ ಅದನ್ನು ಭತ್ತದ ಲಾರಿಗಳನ್ನು ತೂಗುವ ವೇ ಬ್ರಿಜ್ಜಿನ ಮೇಲೆ ನಿಲ್ಲಿಸಿ ತೂಗಿದನಂತೆ. ಇಬ್ಬರು ಕುಳಿತಾಗ ಅದರ ಭಾರ ಎರಡು ಸಾವಿರ ಕಿಲೊ. ನಮ್ಮ ಸೀಮೆಯ ಎಪ್ಪತ್ತೈದು ಕಿಲೊ ಚೀಲದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು ಇಪ್ಪತ್ತೇಳು ಚೀಲ ಭತ್ತ ಬಾಣದಂತೆ ಓಡುವುದನ್ನು ವಾಚಕರು ಕಲ್ಪಿಸಿಕೊಳ್ಳಬೇಕು.

ಅದನ್ನು ಊರ ರಸ್ತೆಯಲ್ಲಿ ಓಡಿಸಿ ಮಂದಿಯ ಪ್ರಾಣ ತೆಗೆಯುವುದಿಲ್ಲ, ಪಂದ್ಯದ ಪಥದಲ್ಲಿಯೇ ಓಡಿಸುತ್ತೇನೆ ಎಂದು ಅವನು ತಾಯಿಗೆ ಮಾತು ಕೊಟ್ಟಿದ್ದ. ಮದ್ರಾಸಿನ ಬಳಿ ಶ್ರೀಪೆರುಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೈ ಎಂಬಲ್ಲಿ ಅಂಥದೊಂದು ಪಥವಿದೆ. ಒಂದು ಸುತ್ತು ೩.೭ ಕಿಲೋಮೀಟರು. ಹಣ ಕಟ್ಟಿ, ಶಿರಸ್ತ್ರಾಣ ಧರಿಸಿ, ತರಬೇತುದಾರರ ಕಣ್ಣಳತೆಯಲ್ಲಿ ಓಡಿಸಬಹುದಾದ ದಿನಗಳು ಅಲ್ಲಿ ಇರುತ್ತವೆ. ಅಕ್ಕನಿಗೆ ಇದೂ ಒಪ್ಪಿಗೆಯಿರಲಿಲ್ಲ. “ತಮ್ಮಾ, ನೀನ ಒಮ್ಮೆ ಜೊತಿಗೆ ಹೋಗಿ ನೋಡಿ ಬಾ. ನಿನ್ನ ಮಾತಾದರೂ ಕೇಳ್ತಾನ” ಎಂದು ನನಗೆ ಹೇಳಿ ಕಳುಹಿಸಿದಳು.

ಅವಳ ಅಂಜಿಕೆಗೆ ಕಾರಣವಿತ್ತು. ನನ್ನ ಭಾವನವರು ಒಂದು ಕಾಲದಲ್ಲಿ ಲಾರಿ ಓಡಿಸಿದವರು. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಜಿಲ್ಲೆಯ ಅದಿರಿಗೆ ಬಂಗಾರದ ಬೆಲೆ ಬಂದಾಗ ರಸ್ತೆಗಳೂ ಮರಗಳೂ ಮನುಷ್ಯರ ಅಂಗಿಗಳೂ ಕೆಂಪಾಗಿದ್ದುದನ್ನು ಬಳ್ಳಾರಿಯವರು ಮರೆತಿಲ್ಲ. ೨೦೧೧ರಲ್ಲಿ ಸುಪ್ರೀಂ ಕೋರ್ಟು ಗಣಿಗಾರಿಕೆಗೆ ತಡೆ ಹಾಕುವವರೆಗೆ ಹಗಲಿರುಳೆನ್ನದೆ ಲಾರಿಗಳ ಸಾಲು ಹರಿಯುತ್ತಿತ್ತು. ೨೦೦೮ರಲ್ಲಿ ಭಾವನವರೂ ಸಾಲ ಮಾಡಿ ಒಂದು ಲಾರಿ ಕೊಂಡು ಆ ಸಾಲಿನಲ್ಲಿ ಸೇರಿಕೊಂಡರು. ಅದೇ ವರ್ಷ ಸಂಡೂರಿನ ಗುಡ್ಡದ ಇಳಿಜಾರಿನಲ್ಲಿ ಅದಿರು ತುಂಬಿದ ಲಾರಿಯ ಬ್ರೇಕು ಹಿಡಿಯಲಿಲ್ಲ. ಕ್ಲೀನರ್ ಹುಡುಗ ಜಿಗಿದು ಬದುಕಿದ. ಭಾವನವರು ಲಾರಿಯನ್ನು ಗುಡ್ಡದ ಮಗ್ಗುಲಿಗೆ ಒರೆಸಿ ನಿಲ್ಲಿಸಿದರು. ಜೀವ ಉಳಿಯಿತು, ಬಲಗಾಲು ಮೊಣಕಾಲಿನ ಕೆಳಗೆ ಹೋಯಿತು. ಅಂದಿನಿಂದ ಅವರು ಮಾತು ಕಡಿಮೆ ಮಾಡಿದರು. ಯಾರಾದರೂ ಕೇಳಿದರೆ “ಬ್ರೇಕ್ ಕೈ ಕೊಡ್ತು” ಎಂಬ ಮೂರೇ ಮಾತು. ಮಗನ ಕಾರಿನಲ್ಲಿ ಅವರು ಒಂದು ದಿನವೂ ಕುಳಿತವರಲ್ಲ.

ಹೀಗಾಗಿ ನಾನು ಅಳಿಯನ ಜೊತೆ ಐನೂರು ಕಿಲೋಮೀಟರಿನಷ್ಟು ಪಯಣಿಸಿ ಶ್ರೀಪೆರುಂಬುದೂರಿಗೆ ಹೋದೆ. ರಾಮಾನುಜಾಚಾರ್ಯರು ಹುಟ್ಟಿದ ಊರು. ಅಲ್ಲಿಂದ ಹೊರಟ ಜೀವ ನಮ್ಮ ಮೇಲುಕೋಟೆಯಲ್ಲಿ ಬಹುಕಾಲ ನಿಂತಿತು. ದರ್ಶನ ಮಾಡಿಕೊಂಡು ಬರೋಣವೆಂದೆ. “ಸಂಜೀಕ ಹೋಗೋಣ ಮಾಮಾ” ಎಂದ. ಆ ಸಂಜೆ ನಾವು ದೇವಾಲಯಕ್ಕೆ ಹೋದದ್ದು ನಿಜ. ಆದರೆ ಹೋದ ಭಾವವೇ ಬೇರೆಯಾಗಿತ್ತು.

ಪಥದ ಅಂಚಿನ ಬೇಲಿಯ ಬಳಿ ನಾನು ನಿಂತಿದ್ದೆ. ಮೊದಲ ಮೂರು ಸುತ್ತು ಕಾರು ಗರ್ಜಿಸುತ್ತ ಬಂದು, ತಿರುವಿನ ಮುಂದೆ ಮೂಗು ತಗ್ಗಿಸಿ, ವಿನಯದಿಂದ ತಿರುಗಿ ಹೋಯಿತು. ನನಗೂ ಒಂದು ಬಗೆಯ ಉಲ್ಲಾಸ ಹತ್ತಿತು. ನಾಲ್ಕನೆಯ ಸುತ್ತಿನಲ್ಲಿ ಏನೋ ಸುಟ್ಟ ವಾಸನೆ ಗಾಳಿಯಲ್ಲಿ ಬಂತು. ಐದನೆಯ ಸುತ್ತಿನಲ್ಲಿ ಕಾರು ಅದೇ ತಿರುವಿಗೆ ಬಂದಾಗ ಮೂಗು ತಗ್ಗಲಿಲ್ಲ. ಅದು ನೇರವಾಗಿ ಪಥವನ್ನು ಬಿಟ್ಟು, ಆಚೆ ಇಂಥ ಸಂದರ್ಭಕ್ಕೆಂದೇ ಬಿಟ್ಟಿದ್ದ ಮಣ್ಣಿನ ಬಯಲಿಗೆ ನುಗ್ಗಿ, ಧೂಳಿನಲ್ಲಿ ಮರೆಯಾಯಿತು. ಆ ಧೂಳು ಕೆಳಗಿಳಿಯುವಷ್ಟು ಹೊತ್ತಿನಲ್ಲಿ ಅಕ್ಕನಿಗೆ ಏನೆಂದು ಹೇಳುವುದೆಂಬ ವಾಕ್ಯವನ್ನು ನಾನು ಮೂರು ಸಲ ಕಟ್ಟಿ ಮೂರು ಸಲ ಮುರಿದಿದ್ದೆ. ಧೂಳು ಇಳಿದಾಗ ಅವನು ಕಾರಿನ ಪಕ್ಕದಲ್ಲಿ ನಿಂತಿದ್ದ; ಕೈ ನಡುಗುತ್ತಿದ್ದವು, ಬೇರೇನೂ ಆಗಿರಲಿಲ್ಲ. “ಪೆಡಲ್ ಒತ್ತಿದೆ ಮಾಮಾ, ಬುಡಕ್ಕ ಹೋತು. ಬೆಣ್ಣಿ ತುಳಿದಂಗ ಆತು” ಎಂದ.

ಮುಂದಿನ ಚಕ್ರಗಳ ಸಂದಿನಲ್ಲಿ ಇಣುಕಿದೆ. ಬೆಳಗ್ಗೆ ಬೆಳ್ಳಿಯಂತಿದ್ದ ತಟ್ಟೆಗಳ ಮೈ ನೀಲಿಗಟ್ಟಿತ್ತು. ಮೇಲೆ ಕೂದಲೆಳೆಯಂಥ ಸಣ್ಣ ಬಿರುಕುಗಳು. ನಮ್ಮ ಮೆಕ್ಯಾನಿಕರು ಡಿಸ್ಕ್ ಎನ್ನುವ, ಪಂದ್ಯದವರು ರೋಟರ್ ಎನ್ನುವ ವಸ್ತು ಇದೇ. ಚಕ್ರದೊಡನೆ ತಿರುಗುವ ಈ ತಟ್ಟೆಯನ್ನು ಎರಡು ಪಕ್ಕದಿಂದಲೂ ಪ್ಯಾಡುಗಳು ಅವುಚಿ ಹಿಡಿದರೆ ಗಾಡಿ ನಿಲ್ಲುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ೧೯೦೨ರಲ್ಲಿಯೇ ಇದಕ್ಕೆ ಹಕ್ಕುಪತ್ರ ಪಡೆದಿದ್ದನಾದರೂ ಲೋಕ ಅರ್ಧ ಶತಮಾನ ಇದರತ್ತ ಗಮನ ಕೊಡಲಿಲ್ಲ. ೧೯೫೩ರಲ್ಲಿ ಫ್ರಾನ್ಸಿನ ಲ ಮಾನ್ಸ್ ಎಂಬಲ್ಲಿ ನಡೆದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದ ಮೇಲೆಯೇ ಜಗತ್ತಿನ ಕಣ್ಣು ತೆರೆಯಿತು. ಅಂದು ಅದು ಗೆದ್ದುದಕ್ಕೆ ಒಂದು ಕಾರಣ ಇದು: ಉಳಿದವರ ಡ್ರಮ್ಮುಗಳು ಕಾದು ಸೋತಾಗಲೂ ಅದರ ತಟ್ಟೆಗಳು ಬಲವಾಗಿ ಹಿಡಿಯುತ್ತಲೇ ಇದ್ದವು.

ಊರಿಗೆ ಮರಳಿದ ಮೇಲೆ ಮನೆಯಲ್ಲಿ ಎರಡು ಪಕ್ಷಗಳಾದವು. ಕಾರು ಮಾರಿಬಿಡಬೇಕೆಂದು ಅಕ್ಕ. ತಪ್ಪು ಕಾರಿನದಲ್ಲ, ಡಿಸ್ಕಿನದು. ಮುಂದಿನ ೩೪೦ ಮಿಲಿಮೀಟರಿನ ಡಿಸ್ಕುಗಳನ್ನು ತೆಗೆದು ೩೮೦ರವನ್ನು ಹಾಕಿದರೆ ಎಲ್ಲ ಸರಿಹೋಗುತ್ತದೆಂದು ಮಗ. ಅದಕ್ಕೆ ತಗಲುವ ವೆಚ್ಚವೋ, ಅಕ್ಕನ ಲೆಕ್ಕದಲ್ಲಿ ಎರಡು ಮೂರು ಎಕರೆಯ ಭತ್ತದ ಬೆಳೆ. ಭಾವನವರು ಮಂಚದ ಮೇಲೆ ಕುಳಿತು ಒಂದೂ ಮಾತಾಡದೆ ಇಬ್ಬರನ್ನೂ ಕೇಳಿದರು. ತೀರ್ಪು ಹೇಳುವ ಭಾರ ನನ್ನ ತಲೆಗೆ ಬಂತು. ಗೊತ್ತಿಲ್ಲದ ವಿಷಯದಲ್ಲಿ ತೀರ್ಪು ಹೇಳುವುದು ಮೇಷ್ಟರುಗಳಿಗೆ ಅಭ್ಯಾಸವೇ ಆದರೂ ಈ ಸಲ ಧೈರ್ಯ ಬರಲಿಲ್ಲ. ಬಳ್ಳಾರಿಯಲ್ಲಿ ನನಗೆ ಪರಿಚಯವಿದ್ದ ಒಬ್ಬ ವೃದ್ಧ ಮೇಸ್ತ್ರಿಗಳ ಬಳಿಗೆ ಅಳಿಯನನ್ನು ಕರೆದುಕೊಂಡು ಹೋದೆ.

ಕೋಟೆಯ ಗುಡ್ಡ ಕಾಣುವ ಒಂದು ಬೀದಿಯಲ್ಲಿ ಅವರ ತಗಡಿನ ಗ್ಯಾರೇಜು. ಬೇಸಿಗೆಯ ನಡುಹಗಲು. ಆ ಹೊತ್ತಿನಲ್ಲಿ ಬಳ್ಳಾರಿಯ ಬಂಡೆಗಳು ಹೇಗಿರುತ್ತವೆಂದು ಬಲ್ಲವರೇ ಬಲ್ಲರು. ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಗುಡ್ಡ ತನ್ನ ಬಿಸಿಯನ್ನು ಬೀದಿಗೆ ಉಸಿರುತ್ತಲೇ ಇರುತ್ತದೆ. ಮೇಸ್ತ್ರಿಗಳು ಅದಿರು ಲಾರಿಗಳ ಕಾಲದಲ್ಲಿ ನೂರಾರು ಬ್ರೇಕುಗಳನ್ನು ಬಿಚ್ಚಿ ಕಟ್ಟಿದವರು. ಈಗ ಮಗನೊಡನೆ ದೊಡ್ಡ ಕಾರುಗಳನ್ನೂ ನೋಡುತ್ತಾರೆ. ಕಥೆಯನ್ನೆಲ್ಲ ಕೇಳಿ, ಬೀಡಿ ಆರಿಸಿ, ನನ್ನತ್ತ ತಿರುಗಿ ಹೇಳಿದರು: “ಸರ್, ಮಂದಿ ಬ್ರೇಕ್ ಅಂದ್ರ ಗಾಡಿ ನಿಲ್ಸೋದು ಅಂತ ತಿಳ್ಕಂಡಾರ. ಬ್ರೇಕ್ ಅಂದ್ರ ಬಿಸಿ ಹೊರೋದು.”

ಇದು ಅಲಂಕಾರವಲ್ಲ, ಲೆಕ್ಕ. ಎರಡು ಸಾವಿರ ಕಿಲೊ ತೂಕದ ಕಾರು ಗಂಟೆಗೆ ೧೮೦ ಕಿಲೋಮೀಟರು ವೇಗದಲ್ಲಿ ಬಂದು ತಿರುವಿನ ಮುಂದೆ ೮೦ಕ್ಕೆ ಇಳಿಯಬೇಕಾದರೆ ಸುಮಾರು ಇಪ್ಪತ್ತು ಲಕ್ಷ ಜೌಲ್ ಶಕ್ತಿಯನ್ನು ಕಳೆದುಕೊಳ್ಳಬೇಕು. ಶಕ್ತಿ ನಾಶವಾಗುವುದಿಲ್ಲವೆಂದು ನಾವು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಷ್ಟೆ? ಅದೆಲ್ಲ ಬಿಸಿಯಾಗಿ ಪ್ಯಾಡು ಡಿಸ್ಕುಗಳ ಮೇಲೆ ಬೀಳುತ್ತದೆ. ಏಳು ಲೀಟರಿನಷ್ಟು ತಣ್ಣೀರನ್ನು ಕುದಿಯ ಮಟ್ಟಕ್ಕೆ ತರಲು ಬೇಕಾಗುವಷ್ಟು ಬಿಸಿ ಅದು. ಅಕ್ಕನ ಒಲೆಯ ಮೇಲೆ ಬಹಳ ಹೊತ್ತು ಹಿಡಿಯುವ ಕೆಲಸ ಇಲ್ಲಿ ನಾಲ್ಕು ಸೆಕೆಂಡಿನಲ್ಲಿ ಮುಗಿಯುತ್ತದೆ. ಅದೇ ಕಾರು ಊರೊಳಗೆ ೬೦ರ ವೇಗದಿಂದ ಪೂರ್ತಿ ನಿಂತರೂ ಹುಟ್ಟುವ ಬಿಸಿ ಇದರ ಏಳರಲ್ಲೊಂದು ಪಾಲು. ವೇಗ ಎರಡರಷ್ಟಾದರೆ ಬಿಸಿ ನಾಲ್ಕರಷ್ಟು. ನಿಲ್ಲುವಾಗ ಭಾರವೆಲ್ಲ ಮುಂದಕ್ಕೆ ವಾಲುವುದರಿಂದ ಅದರಲ್ಲಿ ನೂರಕ್ಕೆ ಎಪ್ಪತ್ತರಷ್ಟನ್ನು ಮುಂದಿನ ಎರಡು ಡಿಸ್ಕುಗಳೇ ಹೊರಬೇಕು. ಹತ್ತು ಕಿಲೊ ತೂಕದ ಡಿಸ್ಕು ಒಂದೇ ಸಲದ ಒತ್ತಿಗೆ ಸುಮಾರು ನೂರೈವತ್ತು ಡಿಗ್ರಿ ಏರುತ್ತದೆ. ಅದು ಆರುವ ಮೊದಲೇ ಮತ್ತೊಂದು ತಿರುವು, ಮತ್ತೊಂದು ಒತ್ತು. ಐದಾರು ನೂರು ಡಿಗ್ರಿ ದಾಟಿದರೆ ಕತ್ತಲಲ್ಲಿ ಡಿಸ್ಕು ಕೆಂಡದಂತೆ ಕಾಣುತ್ತದೆ.

“ಹಂಗಾದ್ರ ದೊಡ್ಡ ಡಿಸ್ಕ್ ಹಾಕಬೇಕಂತ ನಾನೂ ಅದನ್ನ ಹೇಳೋದು” ಎಂದ ಅಳಿಯ ಗೆದ್ದವನ ದನಿಯಲ್ಲಿ.

“ತಡಿಯಪ. ಮೊದಲು ಏನು ಸೋತೈತಿ ಅನ್ನೋದು ನೋಡೋಣ” ಎಂದರು ಮೇಸ್ತ್ರಿಗಳು. ಬ್ರೇಕ್ ಆಯಿಲ್ ತುಂಬಿದ ಡಬ್ಬಿಯ ಮುಚ್ಚಳ ತೆರೆದರು. ಹೊಸದಿದ್ದಾಗ ತಿಳಿಜೇನಿನಂತಿರುವ ಆ ದ್ರವ ಕಷಾಯದ ಬಣ್ಣಕ್ಕೆ ತಿರುಗಿತ್ತು. ಆಯಿಲ್ ಎಂದು ಹೆಸರಾದರೂ ಅದು ಎಣ್ಣೆಯಲ್ಲ. ಗಾಳಿಯಲ್ಲಿನ ತೇವವನ್ನು ಮೆಲ್ಲಮೆಲ್ಲನೆ ಕುಡಿಯುವ ಗುಣದ ದ್ರವ. ಡಾಟ್ ೪ ಎಂಬ ದರ್ಜೆಯದು ಹೊಸದಿದ್ದಾಗ ಕಡಮೆಯೆಂದರೂ ೨೩೦ ಡಿಗ್ರಿಯವರೆಗೆ ಕುದಿಯಬಾರದು. ನೀರು ಕುಡಿದ ಮೇಲೆ ಆ ಮಿತಿ ೧೫೫ಕ್ಕೆ ಇಳಿಯುತ್ತದೆ. ಡಿಸ್ಕಿನ ಬಿಸಿ ಪ್ಯಾಡಿಗೆ, ಪ್ಯಾಡಿನದು ಪಿಸ್ಟನ್ನಿಗೆ, ಅಲ್ಲಿಂದ ದ್ರವಕ್ಕೆ ದಾಟಿದಾಗ ಅದು ಕುದಿಯುತ್ತದೆ. ದ್ರವವನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಆದ್ದರಿಂದ ಕಾಲಿನ ಬಲವೆಲ್ಲ ಗುಳ್ಳೆಗಳನ್ನು ಅದುಮುವುದರಲ್ಲಿಯೇ ಕಳೆದು ಪೆಡಲು ಬುಡಕ್ಕೆ ಹೋಗುತ್ತದೆ. ಶ್ರೀಪೆರುಂಬುದೂರಿನಲ್ಲಿ ಅವನು ತುಳಿದ ಬೆಣ್ಣೆ ಇದೇ.

“ಇದನ್ನ ಯಾವಾಗ ಬದಲಿ ಮಾಡ್ಸಿದ್ದಿ?” ಎಂದು ಕೇಳಿದರು. ಅಳಿಯ ಮಾತಾಡಲಿಲ್ಲ. ಕಾರು ಕೊಂಡಂದಿನಿಂದ ಮಾಡಿಸಿರಲಿಲ್ಲ.

ಮುಂದೆ ಅವರು ಪ್ಯಾಡುಗಳನ್ನು ತೆಗೆದು ತೋರಿಸಿದರು. ರಸ್ತೆಗೆಂದು ಮಾಡಿದ ಪ್ಯಾಡುಗಳು ಅತಿಯಾಗಿ ಕಾದು ಗಾಜಿನಂತೆ ನುಣುಪಾಗಿದ್ದವು. ಕೊನೆಗೆ ಡಿಸ್ಕನ್ನು ಅಳೆದರು. ಎಷ್ಟು ಸವೆದರೆ ಬಿಸಾಡಬೇಕೆಂಬ ಕನಿಷ್ಠ ದಪ್ಪವನ್ನು ಡಿಸ್ಕಿನ ಮೇಲೆಯೇ ಕೆತ್ತಿರುತ್ತಾರೆ. ಇವು ಅದರ ಹತ್ತಿರ ಬಂದಿದ್ದವು. ಎಲ್ಲ ನೋಡಿ ಆಡಿದ ಮಾತು ನ್ಯಾಯಾಧೀಶರಿಗೆ ಒಪ್ಪುವಂತಿತ್ತು. ತಾಯಿ ಹೇಳುವಂತೆ ಕಾರನ್ನು ಮಾರಬೇಕಾಗಿಲ್ಲ; ಮಗ ಹೇಳುವಂತೆ ಡಿಸ್ಕೊಂದೇ ಮದ್ದೂ ಅಲ್ಲ. ಮೊದಲು ಹೊಸ ಆಯಿಲ್, ಎರಡನೆಯದು ಬಿಸಿ ತಡೆಯುವ ಪ್ಯಾಡು, ಮೂರನೆಯದು ಡಿಸ್ಕಿಗೆ ಗಾಳಿ ತರುವ ಕೊಳವೆ, ನಾಲ್ಕನೆಯದು ಡಿಸ್ಕು. ಇಷ್ಟು ಭಾರದ ಗಾಡಿ ಪಥದಲ್ಲಿ ಓಡುವುದಾದರೆ ನಾಲ್ಕೂ ಬೇಕು. ಆದರೆ ಕೊನೆಯದನ್ನು ಮೊದಲು ಮಾಡಿದರೆ ದುಡ್ಡೂ ಹೋಗುತ್ತದೆ, ಜೀವವೂ ಹೋಗುತ್ತದೆ.

ಆಗ ನಾನೊಂದು ಪ್ರಶ್ನೆ ಕೇಳಿದೆ: “ದೊಡ್ಡ ಡಿಸ್ಕು ಹಾಕಿದರೆ ಗಾಡಿ ಬೇಗ ನಿಲ್ಲುತ್ತದೆಯೇ?” ಮೇಸ್ತ್ರಿಗಳು ನಕ್ಕರು. “ಇಲ್ಲ ಸರ್. ನಿಲ್ಸೋದು ಟೈರು. ಈಗಿರೋ ಡಿಸ್ಕು ಸೈತ ಒಂದು ಸಲ ಗಾಲಿ ಕಚ್ಚಿ ಹಿಡಿಯುವಷ್ಟು ಬಲ ಐತಿ. ಮೊದಲನೇ ಸಲ ಸಣ್ಣದೂ ಅಷ್ಟ, ದೊಡ್ಡದೂ ಅಷ್ಟ. ಹತ್ತನೇ ಸಲ ಹಿಡಿತೈತಲ್ಲ, ಅದು ದೊಡ್ಡದು.”

ಈ ಮಾತನ್ನು ಕೇಳಿದಾಗ ನನ್ನೊಳಗಿನ ವ್ಯಾಕರಣದ ಮೇಷ್ಟರು ಎದ್ದು ಕುಳಿತರು. ನಮ್ಮ ಭಾಷೆಯಲ್ಲಿ ‘ತಾಳು’ ಎಂದರೆ ನಿಲ್ಲು ಎಂದೂ ಆಗುತ್ತದೆ, ಸಹಿಸು ಎಂದೂ ಆಗುತ್ತದೆ. ‘ತಡೆ’ ಎಂದರೆ ನಿಲ್ಲಿಸುವುದು. ‘ತಡೆದುಕೊಳ್ಳು’ ಎಂದರೆ ಸಹಿಸುವುದು. ಈ ಎರಡರ್ಥಗಳು ಒಂದೇ ಮಾತಿನಲ್ಲಿ ಏಕೆ ಮನೆ ಮಾಡಿಕೊಂಡಿವೆಯೆಂದು ಎಷ್ಟೋ ವರ್ಷ ಪಾಠ ಹೇಳಿದರೂ ನಾನು ಯೋಚಿಸಿದವನಲ್ಲ. ತಗಡಿನ ಕೆಳಗೆ ಬೆವರುತ್ತ ಕುಳಿತಾಗ ಹೊಳೆಯಿತು: ಯಾವುದನ್ನೇ ಆಗಲಿ ನಿಲ್ಲಿಸುವವನು ಅದರ ಬಿಸಿಯನ್ನು ತನ್ನ ಮೈಮೇಲೆ ತೆಗೆದುಕೊಳ್ಳಲೇಬೇಕು. ತಾಳಿಕೆಯಿಲ್ಲದ ತಡೆ ಒಂದು ಸಲಕ್ಕೆ, ಎರಡು ಸಲಕ್ಕೆ. ಐದನೆಯ ಸಲ ಅದು ಬೆಣ್ಣೆ.

ಹೊಸ ಡಿಸ್ಕನ್ನು ಆರಿಸುವುದೂ ಒಂದು ಶಾಸ್ತ್ರವೇ ಆಯಿತು. ಅಳಿಯನಿಗೆ ಮೈತುಂಬ ತೂತು ಕೊರೆದ ಡಿಸ್ಕಿನ ಮೇಲೆ ಮನಸ್ಸು. ಚಿತ್ರದಲ್ಲಿ ಅದು ಸುಂದರವಾಗಿತ್ತು. ಪಥದ ಬಿಸಿಗೆ ಬಿರುಕು ಹುಟ್ಟುವುದು ಆ ತೂತುಗಳ ಅಂಚಿನಿಂದಲೇ ಎಂದು ಮೇಸ್ತ್ರಿಗಳು ಬೇಡವೆಂದರು. ಪ್ಯಾಡಿನ ಮೈಯನ್ನು ಕೆರೆದು ಹೊಸದಾಗಿಡುವ ಗೀರುಗಳುಳ್ಳ ಡಿಸ್ಕು ಸಾಕೆಂದು ತೀರ್ಮಾನವಾಯಿತು. ಡಿಸ್ಕು ಒಂದೇ ಗಟ್ಟಿ ತಟ್ಟೆಯಲ್ಲ. ಎರಡು ತಟ್ಟೆಗಳ ನಡುವೆ ರೆಕ್ಕೆಗಳಿದ್ದು, ತಿರುಗುವಾಗ ನಡುವಿನಿಂದ ಗಾಳಿಯನ್ನೆಳೆದು ಅಂಚಿನಿಂದ ಹೊರಗೆ ತೂರುತ್ತವೆ. ಗಿರಣಿಯಲ್ಲಿ ಹೊಟ್ಟು ತೂರುವ ಫ್ಯಾನಿನ ಕೆಲಸವೇ ಇದೆಂದು ಹೇಳಿದ ಕೂಡಲೆ ಅಳಿಯನಿಗೆ ಅರ್ಥವಾಯಿತು. ರೆಕ್ಕೆಗಳು ಬಾಗಿದ್ದರೆ ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಡಿಸ್ಕು ಬೇಕು. ಅದಲುಬದಲು ಹಾಕಿದರೆ ಗಾಳಿ ಸರಿಯಾಗಿ ಹರಿಯದು. ನಡುವಿನ ಬಟ್ಟಲು ಅಲ್ಯೂಮಿನಿಯಮ್ಮಿನದಾಗಿದ್ದು, ಉಜ್ಜುವ ಕಬ್ಬಿಣ ಅದಕ್ಕೆ ಬಿಗಿಯಾಗಿ ಅಂಟದೆ ತುಸು ಸಡಿಲವಾಗಿದ್ದರೆ, ಕಾದಾಗ ಡಿಸ್ಕು ಛತ್ರಿಯಂತೆ ಬಾಗದೆ ನೆಟ್ಟಗೆ ಹಿಗ್ಗುತ್ತದೆ. ಉಜ್ಜುವ ಭಾಗವೇ ೧೩ ಕಿಲೊ ಇದ್ದರೆ ಮೊದಲು ನೂರೈವತ್ತು ಡಿಗ್ರಿ ಏರುತ್ತಿದ್ದುದು ನೂರಹತ್ತರ ಆಸುಪಾಸಿಗೆ ನಿಲ್ಲುತ್ತದೆ. ದೊಡ್ಡ ಡಿಸ್ಕಿನ ನಿಜವಾದ ಲಾಭ ಈ ನಲವತ್ತು ಡಿಗ್ರಿ. ಇದಕ್ಕೆ ಪ್ರತಿಯಾಗಿ ಚಕ್ರದ ಭಾರ ಹೆಚ್ಚುತ್ತದೆ, ಕ್ಯಾಲಿಪರನ್ನು ಹೊರಕ್ಕೆ ಸರಿಸಿ ಕೂರಿಸಬೇಕಾಗುತ್ತದೆ, ಚಕ್ರದೊಳಗೆ ಜಾಗವಿರಬೇಕಾಗುತ್ತದೆ. ಮುಂದಿನ ಬ್ರೇಕಿಗೆ ಮಾತ್ರ ಬಲ ಹೆಚ್ಚಿಸಿ ಹಿಂದಿನದನ್ನು ಮರೆತರೆ ಒಂದು ಎತ್ತು ಎಳೆಯುತ್ತದೆ, ಇನ್ನೊಂದು ನಡೆಯುತ್ತದೆ. ಈ ಜೋಡಿಯ ಲೆಕ್ಕವನ್ನೂ ಮೇಸ್ತ್ರಿಗಳ ಮಗ ಕಾಗದದ ಮೇಲೆ ಹಾಕಿ ತೋರಿಸಿದ.

ಇಷ್ಟೆಲ್ಲ ಹೊರುವ ಆ ವಸ್ತು ಯಾವ ಅಪೂರ್ವ ಲೋಹದ್ದೋ ಎಂದುಕೊಂಡಿದ್ದೆ. ಪಂದ್ಯದ ದುಬಾರಿ ಕಾರುಗಳಲ್ಲಿ ಇಂಗಾಲ ಮತ್ತು ಪಿಂಗಾಣಿ ಜಾತಿಯ ಡಿಸ್ಕುಗಳೂ ಉಂಟಂತೆ. ಆದರೆ ಇದು ಬರಿಯ ಬೀಡುಕಬ್ಬಿಣ. ಒಳಗೆ ಪದರುಪದರಾಗಿ ಹರಡಿದ ಇಂಗಾಲದ ಚೂರುಗಳು ಬಿಸಿಯನ್ನು ಬೇಗ ಹಂಚುತ್ತವೆ, ಕಂಪನವನ್ನು ನುಂಗುತ್ತವೆ. ನಮ್ಮ ಗುಡ್ಡಗಳ ಕೆಂಪು ಮಣ್ಣಿನ ವಂಶದ್ದೇ. ಆ ಮಣ್ಣನ್ನು ಹೊತ್ತು ಇಳಿಯುವಾಗಲೇ ಭಾವನವರ ಲಾರಿ ನಿಲ್ಲದೆ ಹೋಯಿತಲ್ಲ ಎಂದು ನೆನಪಾಯಿತು.

ಸಿರುಗುಪ್ಪಕ್ಕೆ ಮರಳಿದ ರಾತ್ರಿ ಊಟವಾದ ಮೇಲೆ ಅಳಿಯ ಎಲ್ಲರ ಮುಂದೆ ಹೇಳಿದ: “ತಪ್ಪು ನಂದ. ಆಯಿಲ್ ಬದಲಿ ಮಾಡಿಸಿದ್ದಿಲ್ಲ. ನಾಕನೇ ಸುತ್ತಿನಾಗ ಪೆಡಲ್ ಮೆತ್ತಗಾಗಿದ್ದು ಗೊತ್ತಾಗಿತ್ತು. ಇನ್ನೊಂದು ಸುತ್ತು ಹೊಡೀಬೇಕು ಅನಿಸ್ತು.” ನಾನು ಅವನನ್ನು ನೋಡುತ್ತಿದ್ದೆ, ಆದ್ದರಿಂದ ಭಾವನವರ ಮುಖ ನನಗೆ ಕಾಣಲಿಲ್ಲ. ದನಿ ಮಾತ್ರ ಕೇಳಿತು.

“ನಾನೂ ಅವತ್ತು ನ್ಯೂಟ್ರಲ್ ಹಾಕಿದ್ದೆ.”

ಅಕ್ಕ ಪಾತ್ರೆ ಹಿಡಿದವಳು ಹಾಗೆಯೇ ನಿಂತಳು.

“ಇಳಿಜಾರಿನಾಗ ಗೇರಿನಾಗ ಇಳಿಬೇಕು. ಇಂಜಿನ್ನೂ ಅರ್ಧ ಭಾರ ಹಿಡಿತೈತಿ. ನಾನು ಡೀಸೆಲ್ ಉಳಿತೈತಿ ಅಂತ ನ್ಯೂಟ್ರಲ್ ಹಾಕಿ, ಬರೇ ಬ್ರೇಕ್ ಮ್ಯಾಲೆ ಇಳಿಸಿದೆ. ಲೋಡೂ ಜಾಸ್ತಿ ಇತ್ತು. ಡ್ರಮ್ ಕಾದು ಹಿಗ್ಗಿ ಲೈನರಿಗೆ ಸಿಗದಂಗ ಆತು. ವಾಸನಿ ಬಂದಿತ್ತು. ನಿಲ್ಸಲಿಲ್ಲ. ಇನ್ನೊಂದು ಟ್ರಿಪ್ ಹೊಡೀಬೇಕಿತ್ತು.” ಸ್ವಲ್ಪ ಹೊತ್ತು ಬಿಟ್ಟು ಅಂದರು: “ಇಷ್ಟು ವರ್ಷ ಬ್ರೇಕಿನ ಮ್ಯಾಲೆ ಹಾಕಿದೆ. ಅದು ತಡಿಯುವಷ್ಟು ತಡೀತು.”

ಯಾರೂ ಏನನ್ನೂ ಹೇಳಲಿಲ್ಲ. ಹದಿನೇಳು ವರ್ಷ ಈ ಮಾತಿನ ಬಿಸಿಯನ್ನು ಒಬ್ಬರೇ ಹೊತ್ತುಕೊಂಡು ಆ ಮಂಚದ ಮೇಲೆ ಕುಳಿತಿದ್ದರೆಂಬುದು ನಮಗೆ ಆಗ ತಿಳಿಯಿತು. ಬೆಳಗಾಗುವ ಹೊತ್ತಿಗೆ ಅಕ್ಕ ಡಿಸ್ಕಿನ ದುಡ್ಡಿಗೆ ಒಪ್ಪಿದ್ದಳು. ಏಕೆಂದು ನಾನು ಕೇಳಲಿಲ್ಲ.

ಹೊಸ ಡಿಸ್ಕು ಹಾಕಿದ ಕೂಡಲೆ ಪಥಕ್ಕೆ ಹೋಗುವಂತಿಲ್ಲ. ಪ್ಯಾಡಿನ ವಸ್ತು ತೆಳುವಾಗಿ, ಸಮವಾಗಿ ಡಿಸ್ಕಿನ ಮೈಗೆ ಹತ್ತಬೇಕು. ಅದಕ್ಕಾಗಿ ೮೦ರ ವೇಗದಿಂದ ೨೦ಕ್ಕೆ ಮೆಲ್ಲಗೆ ಇಳಿಸುವುದನ್ನು ಹತ್ತು ಸಲ ಮಾಡಬೇಕು. ನಡುವೆ ಪೂರ್ತಿ ನಿಲ್ಲಿಸಬಾರದು. ನಿಲ್ಲಿಸಿದರೆ ಪ್ಯಾಡಿನ ಗುರುತು ಒಂದೇ ಕಡೆ ಕೂತು, ಮುಂದೆ ಒತ್ತಿದಾಗಲೆಲ್ಲ ಗಾಡಿ ಅದುರುತ್ತದೆ. ಡಿಸ್ಕು ಸೊಟ್ಟಗಾಗಿದೆಯೆಂದು ಜನ ದೂರುವುದು ಬಹಳ ಸಲ ಈ ಕಲೆಯನ್ನೇ. ಒಂದು ಭಾನುವಾರ ಬೆಳಗಿನ ಜಾವ, ರಸ್ತೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ, ಕುರುಗೋಡಿನವರೆಗೆ ಹೋಗಿ ದೊಡ್ಡಬಸವೇಶ್ವರನ ದರ್ಶನ ಮಾಡಿ ಬರುವುದೆಂದು ಗೊತ್ತಾಯಿತು. ನಾನು ಮುಂದೆ ಕುಳಿತೆ. ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಭಾವನವರು ಊರುಗೋಲನ್ನು ಮೊದಲು ಒಳಗಿಟ್ಟು, ಮೆಲ್ಲನೆ ತಾವೂ ಒಳಗೆ ಬಂದು ಕುಳಿತರು. ಅಳಿಯ ಹಿಂದಕ್ಕೆ ತಿರುಗಲಿಲ್ಲ, ಕನ್ನಡಿಯನ್ನು ಸರಿಮಾಡಿಕೊಂಡ.

ಗದ್ದೆಗಳ ಮೇಲೆ ಇನ್ನೂ ಮಂಜಿತ್ತು. ರಸ್ತೆ ನೆಟ್ಟಗಾದ ಕಡೆ ಅವನು ವೇಗ ಏರಿಸಿ, ಬ್ರೇಕು ಒತ್ತಿದ. ಕಾರು ಮೂಗು ತಗ್ಗಿಸಿತು. ಹಿಂದಿನಿಂದ “ಒಂದು” ಎಂಬ ದನಿ ಬಂತು. ಮತ್ತೆ ಏರಿಸಿದ, ಒತ್ತಿದ. “ಎರಡು.” ಮೂರು, ನಾಲ್ಕು. ಐದು ಎನ್ನುವಾಗ ದನಿ ಸ್ವಲ್ಪ ತಡವಾಗಿ ಬಂದಂತೆ ನನಗೆ ಕೇಳಿಸಿತು. ಪೆಡಲು ಗಟ್ಟಿಯಾಗಿತ್ತು. ಹತ್ತು ಎಂದ ಮೇಲೆ ಅಳಿಯ ರಸ್ತೆಯ ಬದಿಗೆ ನಿಲ್ಲಿಸಲು ಹೋದ. “ನಿಲ್ಸಬ್ಯಾಡ. ಹಂಗ ನಡಿಸ್ಕಂತ ಹೋಗು, ಆರಲಿ” ಎಂದರು ಭಾವನವರು. ಡಿಸ್ಕ್ ಬ್ರೇಕಿನ ಗಾಡಿಯನ್ನು ಎಂದೂ ಓಡಿಸದ ಆ ಲಾರಿ ಡ್ರೈವರಿಗೆ ಅದು ಹೇಗೆ ತಿಳಿದಿತ್ತೋ! ಕಾದ ಕಬ್ಬಿಣದ ಧರ್ಮ ಎಲ್ಲ ಕಡೆಯೂ ಒಂದೇ ಇರಬೇಕು.

ಕುರುಗೋಡು ಒಂದು ಕಾಲಕ್ಕೆ ಸಿಂದರ ರಾಜಧಾನಿ. ಈಗ ಆ ಅರಸರ ವೇಗವೂ ಇಲ್ಲ, ಕುದುರೆಗಳೂ ಇಲ್ಲ. ಗುಡ್ಡದ ನೆರಳಿನಲ್ಲಿ ಏಕಶಿಲೆಯ ದೊಡ್ಡಬಸವ ಮಾತ್ರ ಕುಳಿತಲ್ಲೇ ಕುಳಿತಿದ್ದಾನೆ. ಜಾತ್ರೆಯ ದಿನ ಅವನ ತೇರು ಎಳೆಯುವವರು ಸಾವಿರ ಮಂದಿ. ಅದನ್ನು ನಿಲ್ಲಿಸುವವರು ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು ನಡೆಯುವ ನಾಲ್ಕಾರು ಮಂದಿ. ಎಳೆಯುವವರ ಕಣ್ಣು ಕಳಸದ ಮೇಲೆ, ಅವರ ಕಣ್ಣು ಗಾಲಿಯ ಮೇಲೆ.

ಗುಡಿಯ ಮುಂದೆ ಕಾರು ನಿಂತಿತು. ಕಾದ ಡಿಸ್ಕನ್ನು ಪ್ಯಾಡು ಅವುಚಿಕೊಂಡೇ ಇರಬಾರದೆಂದು ಅಳಿಯ ಹ್ಯಾಂಡ್ ಬ್ರೇಕು ಹಾಕಲಿಲ್ಲ. “ಕಲ್ಲು ಕೊಡು” ಎಂದರು ಭಾವನವರು. ಗೇರು ಪಾರ್ಕಿಂಗಿನಲ್ಲಿದೆ, ಬೇಕಾಗಿಲ್ಲ ಎಂದು ಅವನು ನಕ್ಕ. ಅವರು ನಗಲಿಲ್ಲ. ಅವನು ಆಚೀಚೆ ನೋಡಿ, ಒಂದು ಕಲ್ಲನ್ನೆತ್ತಿ ತಂದು, ಬಗ್ಗಿ, ಹಿಂದಿನ ಚಕ್ರದ ಕೆಳಗಿಟ್ಟ. ಭಾವನವರು ಊರುಗೋಲಿನಿಂದ ಆ ಕಲ್ಲನ್ನು ಒಮ್ಮೆ ತಟ್ಟಿ ನೋಡಿ, ಮಗನ ಹೆಗಲ ಮೇಲೆ ಕೈಯಿಟ್ಟು ಮೆಟ್ಟಿಲು ಹತ್ತಿದರು.